ಹಲಗೆಯ ಒಳಗಿರುವುದು

ಪಸಡೀನಾದ ಕೊಲರಾಡೋ ಬುಲೇವಾರ್ಡಿನಲ್ಲಿ ಜನವರಿಯ ಬೆಳಗ್ಗೆ ನಿಂತರೆ ತಾಳೆಮರಗಳ ತಲೆಯ ಮೇಲೆ ಹಿಮ ಕಾಣುತ್ತದೆ. ಪ್ರತಿದಿನವಲ್ಲ, ಮಳೆ ಬಂದು ಆಕಾಶ ತೊಳೆದ ಮರುದಿನ ಮಾತ್ರ. ಪೂರ್ವಕ್ಕೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲಿನಲ್ಲಿ 10,064 ಅಡಿಯ ಬಾಲ್ಡಿ ಶಿಖರ ಬೆಳ್ಳಗೆ ಕೂತಿರುತ್ತದೆ. ಕೆಳಗೆ ನಾವು ಅರ್ಧ ತೋಳಿನ ಅಂಗಿಯಲ್ಲಿ ಕಾಫಿ ಕುಡಿಯುತ್ತಿರುತ್ತೇವೆ. ಊರಿಗೆ ಫೋನು ಮಾಡಿ ಇದನ್ನು ಹೇಳಿದರೆ ಅಮ್ಮ ಇವತ್ತಿಗೂ ನಂಬುವುದಿಲ್ಲ. "ತಾಳೆಮರ ಇರುವಲ್ಲಿ ಹಿಮ ಎಂಥದ್ದು ಮಾರಾಯ?" ಎನ್ನುತ್ತಾರೆ.

ಆ ಹಿಮದ ಮೇಲೆ ಜಾರುವುದನ್ನು ನಾನು ಕಲಿತದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಮೊಣಕಾಲಿಗೆ ಬುದ್ಧಿ ಬಂದಿರುತ್ತದೆ, ಮನಸ್ಸಿಗೆ ಬಂದಿರುವುದಿಲ್ಲ. ಎಷ್ಟು ಸಲ ಬಿದ್ದೆ ಎಂಬ ಕಥೆ ಇಲ್ಲಿ ಬೇಡ. ಅಮೆರಿಕಕ್ಕೆ ಬಂದ ಕನ್ನಡಿಗರ ಪ್ರಬಂಧಗಳಲ್ಲಿ ಹಿಮದಲ್ಲಿ ಬಿದ್ದ ಪ್ರಸಂಗಗಳು ಈಗಾಗಲೇ ಸಾಕಷ್ಟು ಇವೆ. ನಾನು ಬರೆಯಹೊರಟಿರುವುದು ಕಾಲಿಗೆ ಕಟ್ಟಿಕೊಳ್ಳುವ ಆ ಎರಡು ಹಲಗೆಗಳ ಬಗ್ಗೆ. ಅದರಲ್ಲೂ ಸಣ್ಣ ಸಣ್ಣ ಕಾರ್ಯಾಗಾರಗಳಲ್ಲಿ ನಾಲ್ಕೈದು ಜನ ಸೇರಿ ಮಾಡುವ, 'ಕೈಯಿಂದ ಮಾಡಿದ್ದು' ಎಂದು ಹೆಮ್ಮೆಯಿಂದ ಮಾರುವ ಸ್ಕೀಗಳ ಬಗ್ಗೆ. ವಿಮಾನದ ಬಿಡಿಭಾಗಗಳಲ್ಲಿ ಅಂಟಿನ ಜೋಡಣೆಗಳನ್ನು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಒಂದು ಪದರ ಇನ್ನೊಂದರಿಂದ ಯಾಕೆ ಬಿಟ್ಟುಕೊಂಡಿತು ಎಂದು ದಿನಕ್ಕೆ ಎಂಟು ಗಂಟೆ ಯೋಚಿಸುವವನಿಗೆ ಸ್ಕೀ ಬರಿಯ ಆಟದ ಸಾಮಾನಾಗಿ ಉಳಿಯುವುದು ಕಷ್ಟ.

ಊರಿನ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸ್ಕೀ ಒಂದೇ ಮರದ ಹಲಗೆಯಾಗಿದ್ದ ಕಾಲವಿತ್ತು. ಇದೇ ಕ್ಯಾಲಿಫೋರ್ನಿಯಾದ ಸಿಯೆರಾ ಪರ್ವತಗಳನ್ನು ದಾಟಿ 1856ರಿಂದ ಇಪ್ಪತ್ತು ವರ್ಷ ಅಂಚೆ ಹೊತ್ತ ನಾರ್ವೆ ಮೂಲದ 'ಸ್ನೋಶೂ' ಥಾಂಪ್ಸನ್‌ನ ಮೊದಲ ಜೋಡಿ ಓಕ್ ಮರದ್ದು, ತೂಕ 25 ಪೌಂಡು. ಇಂದಿನ ಸ್ಕೀ ಹಾಗಲ್ಲ, ಅದು ನಮ್ಮ ಪತ್ರೊಡೆಯ ಹಾಗೆ ಪದರದ ಮೇಲೆ ಪದರ. ನಡುವೆ ಮರದ ತಿರುಳು: ಪಾಪ್ಲರ್, ಮೇಪಲ್, ಆ್ಯಶ್, ಪೌಲೋನಿಯಾ ಅಥವಾ ಬಿದಿರಿನ ಪಟ್ಟಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಅಂಟಿಸಿದ್ದು. ಪಾದದ ಕೆಳಗೆ ಬೆರಳಿನಷ್ಟು ದಪ್ಪ, ತುದಿಗಳಲ್ಲಿ ಎರಡು ಮಿಲಿಮೀಟರಿಗೆ ಇಳಿಯುವಷ್ಟು ತೆಳು. ಅದರ ಮೇಲೂ ಕೆಳಗೂ ಎಪಾಕ್ಸಿ ಅಂಟು ಕುಡಿದ ಗಾಜಿನ ನಾರಿನ ಬಟ್ಟೆ. ಕೆಲವದರಲ್ಲಿ ಜೊತೆಗೆ ಟೈಟನಾಲ್ ಎಂಬ ಲೋಹದ ಹಾಳೆ ಇರುತ್ತದೆ. ಹೆಸರು ಕೇಳಿದವರು ಟೈಟೇನಿಯಂ ಎಂದುಕೊಳ್ಳುತ್ತಾರೆ, ಅಂಗಡಿಯವರು ತಿದ್ದುವುದಿಲ್ಲ. ನಿಜದಲ್ಲಿ ಅದು ಆಸ್ಟ್ರಿಯಾದಲ್ಲಿ ತಯಾರಾಗುವ ಗಟ್ಟಿ ಅಲ್ಯುಮಿನಿಯಂ ಮಿಶ್ರಲೋಹ. ಅಡಿಯಲ್ಲಿ ಪಾಲಿಥಿಲೀನ್ ಜಾತಿಯ ಪ್ಲಾಸ್ಟಿಕ್ ತಳ, ತಳದ ಸುತ್ತ ಉಕ್ಕಿನ ಅಂಚು. ಎಲ್ಲಕ್ಕಿಂತ ಮೇಲೆ ಚಿತ್ರ ಬಿಡಿಸಿದ ಹಾಳೆ, ಇಲ್ಲವೇ ತೆಳ್ಳಗೆ ಸೀಳಿದ ವಾಲ್‌ನಟ್ ಮರದ ಹೊದಿಕೆ.

ಈ ಪದರಗಳಲ್ಲಿ ಅತ್ಯಂತ ಕಷ್ಟದ್ದು ಯಾರ ಕಣ್ಣಿಗೂ ಬೀಳದ ಒಂದು ಜಾಗ: ತಳದ ಪ್ಲಾಸ್ಟಿಕ್ಕಿನ ಒಳಮೈ. ಹಿಮಕ್ಕೆ ಅಂಟಬಾರದೆಂದೇ ಆರಿಸಿದ ವಸ್ತು ಅದು, ಯಾವುದೂ ಅದಕ್ಕೆ ಅಂಟುವುದಿಲ್ಲ. ಅದೇ ಹಾಳೆಯ ಇನ್ನೊಂದು ಮೈ ಮಾತ್ರ ಗಾಜಿನ ನಾರಿಗೆ ಹತ್ತು ವರ್ಷ ಗಟ್ಟಿಯಾಗಿ ಅಂಟಿರಬೇಕು. ಅದಕ್ಕಾಗಿ ಒಳಮೈಯನ್ನು ತರಿತರಿಯಾಗಿ ಉಜ್ಜಿ ಬೆಂಕಿಯ ನಾಲಿಗೆ ತಾಗಿಸಿ ಹದಮಾಡುತ್ತಾರೆ. ಉಕ್ಕಿನ ಅಂಚಿನ ಮೇಲೂ ಇಂಥದ್ದೇ ಸಂಕಟ. ಉಕ್ಕು ಹಿಗ್ಗಿ ಕುಗ್ಗುವ ಲೆಕ್ಕ ಬೇರೆ, ಗಾಜಿನ ನಾರಿನದು ಬೇರೆ. ಎರಡರ ಜಗಳ ಬಿಡಿಸಲು ನಡುವೆ ಕೂದಲೆಳೆಗಿಂತ ತುಸುವೇ ದಪ್ಪದ ರಬ್ಬರಿನ ಪಟ್ಟಿ ಕೂರಿಸಬೇಕು. ಈ ಪಟ್ಟಿ ಬಿಟ್ಟರೂ ಸ್ಕೀ ಹೊಸದಾಗಿರುವಾಗ ಏನೂ ಗೊತ್ತಾಗದು. ಗೊತ್ತಾಗುವುದು ಎರಡನೆಯ ಚಳಿಗಾಲಕ್ಕೆ.

ಹೀಗೆ ಸ್ಕೀಯ ಒಳ್ಳೆಯತನವೆಲ್ಲ ಮುಚ್ಚಿದ ಜಾಗದಲ್ಲಿದೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಮೇಲಿನ ಹಾಳೆ ಮಾತ್ರ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ನನ್ನ ಅಜ್ಜನ ಊರು ಕಾರ್ಕಳದ ಹತ್ತಿರ. ಹಲಗೆಯ ಮೇಲೆ ನಿಂತು ಜಾರುವ ಮನುಷ್ಯನನ್ನು ನಾನು ಮೊದಲು ನೋಡಿದ್ದು ಹಿಮದ ಮೇಲಲ್ಲ, ಮಿಯಾರಿನ ಕಂಬಳದ ಕೆಸರಿನಲ್ಲಿ. ಕಂಬಳವೆಂದರೆ ಟಿವಿಯಲ್ಲಿ ಕೋಣಗಳ ಹಿಂದೆ ಹಗ್ಗ ಹಿಡಿದು ಓಡುವವರನ್ನಷ್ಟೇ ನೋಡಿದ ಘಟ್ಟದ ಮೇಲಿನ ಗೆಳೆಯರಿಗೆ ಹೇಳಬೇಕು, ಅದರಲ್ಲಿ ಹಲಗೆಯ ವಿಭಾಗಗಳೂ ಇವೆ. ಅಡ್ಡಹಲಗೆಯಲ್ಲಿ ಕೋಣಗಳು ಎಳೆಯುವ ಅಡ್ಡ ಹಲಗೆಯ ಮೇಲೆ ಓಡಿಸುವವನು ನಿಂತು ಸಾಗುತ್ತಾನೆ. ಕನೆಹಲಗೆಯದು ಇನ್ನೂ ಸೊಗಸು. ತೂತುಗಳಿರುವ ಸಣ್ಣ ಮರದ ತುಂಡಿನ ಮೇಲೆ ಒಂದು ಕಾಲೂರಿ ನಿಂತರೆ, ಕೋಣಗಳ ವೇಗಕ್ಕೆ ಕೆಳಗಿನ ನೀರು ಆ ತೂತುಗಳಿಂದ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಎಂದು ಲೆಕ್ಕ. ನೀರು ನಿಶಾನೆಗೆ ಹಾಯಿತೋ ಇಲ್ಲವೋ ಎನ್ನುವುದೇ ಪಂದ್ಯ.

ಹಲಗೆ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಇಷ್ಟು ಬಹಿರಂಗವಾದ ಉತ್ತರ ಸಿಗುವ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ. ತೂತಿನ ಓರೆ ಸರಿಯಿಲ್ಲದಿದ್ದರೆ ನೀರು ಓಡಿಸುವವನ ಮುಖಕ್ಕೇ ಹೊಡೆಯುತ್ತದೆ, ಕರೆಯ ಎರಡೂ ದಂಡೆಗಳಲ್ಲಿ ನಿಂತ ಸಾವಿರಾರು ಜನ ನೋಡುತ್ತಾರೆ, ನಗುತ್ತಾರೆ. ಅಜ್ಜನ ಮನೆಗೆ ಬರುತ್ತಿದ್ದ ಆಚಾರಿಯೊಬ್ಬರು ಇಂಥ ಹಲಗೆಗಳನ್ನು ಮಾಡುತ್ತಿದ್ದರು. ಅವರು ಮರದ ತುಂಡನ್ನು ಮೊದಲು ಬೆರಳಿನ ಗಿಣ್ಣಿನಿಂದ ತಟ್ಟಿ ಕೇಳುತ್ತಿದ್ದರು, ಹಲಸಿನಹಣ್ಣು ಕೊಳ್ಳುವವರಂತೆ. ಆಮೇಲೆ ತುದಿಯನ್ನು ನೀರಿನಲ್ಲಿ ಅದ್ದಿ ಬಿಸಿಲಿಗಿಟ್ಟು ಹೋಗುತ್ತಿದ್ದರು. ಬಿರುಕು ಬಿಡುವ ಮರವಾದರೆ ಈಗಲೇ ಬಿಡಲಿ, ಕರೆಯಲ್ಲಿ ಬೇಡ ಎಂಬ ಲೆಕ್ಕ. "ಮರಕ್ಕೆ ಮೊದಲೇ ಸಿಟ್ಟು ಬರಿಸಬೇಕು ಮಗಾ" ಎಂದಿದ್ದರು ಒಮ್ಮೆ. ನಾನು ಈಗ ಕೆಲಸದಲ್ಲಿ ಮಾಡುವುದೂ ಅದನ್ನೇ, ಸಂಬಳ ಹೆಚ್ಚು ಅಷ್ಟೇ.

ಇನ್ನೊಂದು ವಿಷಯ. ಕಂಬಳದ ಮರುದಿನ ಪತ್ರಿಕೆಯಲ್ಲಿ ಫಲಿತಾಂಶ ಬರುತ್ತದೆ. ಕೋಣಗಳ ಯಜಮಾನನ ಹೆಸರಿರುತ್ತದೆ, ಹಲಗೆಯ ಮೇಲೆ ನಿಂತವನ ಹೆಸರಿರುತ್ತದೆ. ಹಲಗೆ ಮಾಡಿದ ಆಚಾರಿಯ ಹೆಸರು ನಾನು ಓದಿದ ಯಾವ ಫಲಿತಾಂಶದಲ್ಲೂ ಇರಲಿಲ್ಲ.

ಪಸಡೀನಾಕ್ಕೆ ಯಾರು ನೆಂಟರು ಬಂದರೂ ನಾನು ಅವರನ್ನು ಗ್ಯಾಂಬಲ್ ಹೌಸಿಗೆ ಕರೆದೊಯ್ಯುತ್ತೇನೆ. 'ಬ್ಯಾಕ್ ಟು ದಿ ಫ್ಯೂಚರ್' ಸಿನಿಮಾದಲ್ಲಿ ಡಾಕ್ಟರನ ಮನೆಯಾಗಿ ಕಂಡದ್ದು ಇದೇ ಎಂದರೆ ಮಕ್ಕಳು ಬೇಗ ಚಪ್ಪಲಿ ಹಾಕಿಕೊಳ್ಳುತ್ತಾರೆ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಮನೆತನದ ಡೇವಿಡ್ ಮತ್ತು ಮೇರಿ ಗ್ಯಾಂಬಲ್ ದಂಪತಿಗಾಗಿ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಎಂಬ ಅಣ್ಣತಮ್ಮಂದಿರು 1908ರಲ್ಲಿ ವಿನ್ಯಾಸ ಮಾಡಿದ ಮರದ ಮನೆ ಇದು. ಯಂತ್ರದ ಸರಕಿಗೆ ಬೇಸತ್ತು ಕೈಕಸುಬಿನತ್ತ ತಿರುಗಿದ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಚಳವಳಿಯ ದೊಡ್ಡ ಕೃತಿ ಎಂದು ಪುಸ್ತಕಗಳು ಹೇಳುತ್ತವೆ. ಮರಗೆಲಸ ನಡೆಸಿದವರು ಸ್ವೀಡನ್ ಮೂಲದ ಪೀಟರ್ ಮತ್ತು ಜಾನ್ ಹಾಲ್, ಅವರೂ ಅಣ್ಣತಮ್ಮಂದಿರೇ. ಒಳಗೆ ತೇಗದ ಗೋಡೆಗಳಿಗೆ ಮಧ್ಯಾಹ್ನದ ಬಿಸಿಲು ಬಿದ್ದಾಗ ಜೇನುತುಪ್ಪದ ಬಣ್ಣ. ಮೆಟ್ಟಿಲಿನ ಕೈಪಿಡಿಯನ್ನು ಒಮ್ಮೆ ಸವರಬೇಕೆಂಬ ಆಸೆಯನ್ನು ನಾನು ಪ್ರತಿಸಲವೂ ಕಷ್ಟಪಟ್ಟು ತಡೆದುಕೊಳ್ಳುತ್ತೇನೆ.

ಗ್ರೀನ್ ಸಹೋದರರ ಪೀಠೋಪಕರಣಗಳಲ್ಲಿ ಎಲ್ಲರೂ ಬೆರಳು ಮಾಡಿ ತೋರಿಸುವುದು ಕರಿಮರದ ಚೌಕ ಗೂಟಗಳನ್ನು. ಕೆಂಪು ಮರದ ಮೇಲೆ ಸ್ವಲ್ಪವೇ ಉಬ್ಬಿ ನಿಂತ ಕಪ್ಪು ಚೌಕಗಳು. ನೋಡಿದವರು, ಆಹಾ, ಮೊಳೆಯಿಲ್ಲದೆ ಮರಕ್ಕೆ ಮರ ಕೂರಿಸಿದ್ದಾರೆ ಎನ್ನುತ್ತಾರೆ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ಹಲವು ಕಡೆ ಆ ಗೂಟದ ಹಿಂದೆ ಇರುವುದು ಹಿತ್ತಾಳೆಯ ಸ್ಕ್ರೂ. ಗೂಟ ಅದರ ಟೊಪ್ಪಿ.

ಇದು ಗೊತ್ತಾದಾಗ ನನಗೆ ಮೋಸಹೋದಂತಾಯಿತು. ಕೆಲವು ವರ್ಷ ಅದೇ ಅಸಮಾಧಾನ ಇತ್ತು. ಆಮೇಲೆ ಆ ಸ್ಕ್ರೂ ಅಲ್ಲಿ ಏನು ಮಾಡುತ್ತಿದೆ ಎಂದು ವಿಚಾರಿಸಿದೆ. ಮೇಜಿನ ಅಗಲವಾದ ಹಲಗೆಯ ತುದಿಗೆ ಅಡ್ಡಪಟ್ಟಿ ಹಾಕುವಾಗ ಎರಡರ ಎಳೆಗಳು ಒಂದಕ್ಕೊಂದು ಅಡ್ಡ. ಮಳೆಗಾಲದಲ್ಲಿ ಹಲಗೆ ಅಗಲವಾಗುತ್ತದೆ, ಪಟ್ಟಿ ಉದ್ದವಾಗುವುದಿಲ್ಲ. ಬಿಗಿಯಾಗಿ ಅಂಟಿಸಿದರೆ ಹಲಗೆ ಸೀಳುತ್ತದೆ. ಆದ್ದರಿಂದ ಸ್ಕ್ರೂವಿಗೆ ದುಂಡು ತೂತಿನ ಬದಲು ಉದ್ದನೆಯ ಸೀಳು ಕೊಟ್ಟು, ಮರ ಉಸಿರಾಡಿದಾಗ ಸ್ಕ್ರೂ ಸ್ವಲ್ಪ ಸರಿಯುವಂತೆ ಮಾಡಿ, ಮೇಲೆ ಕರಿಗೂಟ ಮುಚ್ಚಿದ್ದಾರೆ. ನೂರಕ್ಕೂ ಹೆಚ್ಚು ವರ್ಷದ ನಂತರವೂ ಆ ಮೇಜುಗಳು ನೆಟ್ಟಗಿವೆ. ಅಲಂಕಾರದ ಹಿಂದೆ ಅಡಗಿರುವುದು ಕಳ್ಳತನವಲ್ಲ, ಕಾಳಜಿ. ಮುಚ್ಚಿದ್ದೆಲ್ಲ ಮೋಸವಲ್ಲ, ಮುಚ್ಚಿದ ಜಾಗದಲ್ಲಿ ಏನಿಟ್ಟಿದ್ದಾರೆ ಎಂಬುದನ್ನು ನೋಡಬೇಕು ಎಂದು ನನಗೆ ಕಲಿಸಿದ್ದು ಆ ಸ್ಕ್ರೂ. ಸ್ಕೀಗಳನ್ನೂ ನಾನು ಈ ಅಳತೆಯಿಂದಲೇ ನೋಡುತ್ತೇನೆ.

ಅಮೆರಿಕದಲ್ಲಿ ಸಣ್ಣ ಸ್ಕೀ ತಯಾರಕರು ಈಗ ಬೇಕಾದಷ್ಟಿದ್ದಾರೆ. ನೆವಾಡಾದ ರೀನೋದಲ್ಲಿ ಮೊಮೆಂಟ್, ಆರೆಗಾನಿನ ಪೋರ್ಟ್‌ಲೆಂಡಿನಲ್ಲಿ ಆನ್‌ಥ್ರೀಪಿ, ಕೊಲರಾಡೋದ ಟೆಲ್ಯುರೈಡ್ ಬಳಿ ಕೊಳ್ಳುವವರ ತೂಕ ಮತ್ತು ಅಭ್ಯಾಸ ಕೇಳಿ ಒಂದೊಂದೇ ಜೋಡಿ ಮಾಡಿಕೊಡುವ ವ್ಯಾಗ್ನರ್. ಇವರೆಲ್ಲ ಹೆಸರು ಮಾಡಿದವರು. ಇವರ ಕೆಳಗೆ ಗ್ಯಾರೇಜಿನಲ್ಲಿ ಮಾಡುವವರ ದೊಡ್ಡ ಪಡೆಯೇ ಇದೆ. ಅವರ ಒತ್ತುಯಂತ್ರವನ್ನು ನೋಡಿದರೆ ನಮ್ಮ ಊರಿನ ಗಾಣ ನೆನಪಾಗುತ್ತದೆ: ಎರಡು ದಪ್ಪ ಉಕ್ಕಿನ ತೊಲೆಗಳು, ನಡುವೆ ಅಗ್ನಿಶಾಮಕ ದಳದವರು ಬಳಸುವ ಬಟ್ಟೆಯ ನೀರುಪೈಪು. ಪೈಪಿಗೆ ಗಾಳಿ ತುಂಬಿದರೆ ಅದು ಉಬ್ಬಿ ಸ್ಕೀಯ ಪದರಗಳನ್ನು ಅಚ್ಚಿನ ಮೇಲೆ ಒತ್ತುತ್ತದೆ. ಇಷ್ಟರಲ್ಲಿ ಒಳ್ಳೆಯ ಸ್ಕೀ ಆಗುವುದುಂಟು, ನಾನೇ ಕಂಡಿದ್ದೇನೆ.

ಇವರನ್ನು ಹೊಗಳುವವರು ಹೇಳುವ ಮೊದಲ ಮಾತು 'ಕೈಯಿಂದ ಮಾಡಿದ್ದು'. ಈ ಮಾತನ್ನು ಸ್ವಲ್ಪ ನಿಲ್ಲಿಸಿ ಕೇಳಬೇಕು. ಸಣ್ಣ ಕಾರ್ಯಾಗಾರದಲ್ಲೂ ಮರದ ತಿರುಳನ್ನು ಕೊರೆಯುವುದು ಹೆಚ್ಚಾಗಿ ಕಂಪ್ಯೂಟರ್ ನಡೆಸುವ ಯಂತ್ರ. ಯುರೋಪಿನ ದೊಡ್ಡ ಕಾರ್ಖಾನೆಗಳಲ್ಲೂ ಪದರಗಳನ್ನು ಒಂದರ ಮೇಲೊಂದು ಜೋಡಿಸುವುದು ಮನುಷ್ಯರ ಕೈಗಳೇ. 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿ ತೆಗೆಯಬೇಕೆಂದು ರಂಗಕರ್ಮಿ ಪ್ರಸನ್ನ ಅವರು ಬೆಂಗಳೂರಿನಲ್ಲಿ ಉಪವಾಸ ಕೂತಾಗ ಎದ್ದ ಪ್ರಶ್ನೆಯೂ ಇದೇ ಆಗಿತ್ತು: ಕೈಉತ್ಪನ್ನ ಎಂದರೆ ಯಾವುದು, ಎಷ್ಟು ಕೈ, ಎಷ್ಟು ಯಂತ್ರ? ಅಲ್ಲಿ ಆ ಪ್ರಶ್ನೆಯ ಹಿಂದೆ ಭೀಮನಕೋಣೆಯ ಚರಕದಂಥ ಕಡೆ ನೇಯ್ದು ಬದುಕುವ ಹೆಂಗಸರ ಕೂಲಿಯಿತ್ತು. ಇಲ್ಲಿ ಅದೇ ಮಾತಿನ ಹಿಂದೆ ಇರುವುದು ಸಾವಿರಕ್ಕೂ ಹೆಚ್ಚು ಡಾಲರಿನ ಬೆಲೆಚೀಟಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ನಾವು ಹೊರನಾಡ ಕನ್ನಡಿಗರಂತೂ ಈ ಮಾತಿಗೆ ಬೇಗ ಸೋಲುತ್ತೇವೆ. ಸಮ್ಮೇಳನದ ಮಳಿಗೆಯಲ್ಲಿ ಚನ್ನಪಟ್ಟಣದ ಬೊಂಬೆ ಎಂದು ಇಟ್ಟದ್ದನ್ನೆಲ್ಲ ಕೊಳ್ಳುತ್ತೇವೆ. ಅದು ಆಲೆಮರವೇ, ಬಣ್ಣ ಅರಗಿನದೇ ಎಂದು ತಿರುಗಿಸಿ ನೋಡುವವರು ಕಡಿಮೆ. ಪ್ರೀತಿಯಿಂದ ಕೊಂಡೆ ಎಂದು ಹೇಳಿ ಪರೀಕ್ಷೆ ತಪ್ಪಿಸಿಕೊಳ್ಳುತ್ತೇವೆ.

ದೊಡ್ಡದಕ್ಕೂ ಸಣ್ಣದಕ್ಕೂ ನಿಜವಾದ ವ್ಯತ್ಯಾಸ ಕೈಯಲ್ಲಿಲ್ಲ, ಮುರಿಯುವುದರಲ್ಲಿದೆ. ದೊಡ್ಡ ಕಾರ್ಖಾನೆ ಮಾರುವ ಮೊದಲು ರಾಶಿರಾಶಿ ಸ್ಕೀಗಳನ್ನು ಬಗ್ಗಿಸಿ, ತಿರುಚಿ, ಹೆಪ್ಪುಗಟ್ಟಿಸಿ ಮುರಿಯಬಲ್ಲದು. ನಾಲ್ಕು ಜನರ ಕಾರ್ಯಾಗಾರಕ್ಕೆ ಒಂದು ಜೋಡಿ ಮುರಿದರೆ ಒಂದು ವಾರದ ಅನ್ನ ಹೋಯಿತು. ಆದ್ದರಿಂದ ಮುರಿಯುವ ಕೆಲಸ ಕೊಂಡವನ ಪಾಲಿಗೆ ಬರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೀಗೇ ಆಗಬೇಕೆಂದೇನೂ ಇಲ್ಲ. ಹಾವರ್ಡ್ ಹೆಡ್ ಕೂಡ ಒಂದು ಕಾಲಕ್ಕೆ ಸಣ್ಣವನೇ. ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವನು 1947ರಲ್ಲಿ ಬಾಲ್ಟಿಮೋರಿನಲ್ಲಿ ಲೋಹದ ಸ್ಕೀ ಮಾಡಲು ಹೊರಟ. ಮಾಡಿದ್ದನ್ನು ಸ್ಕೀ ಶಿಕ್ಷಕರ ಕೈಗೆ ಕೊಟ್ಟ, ಅವರು ಮುರಿದುಕೊಟ್ಟರು. ಮತ್ತೆ ಮಾಡಿದ, ಮತ್ತೆ ಮುರಿದರು. ಹೀಗೆ ಮೂರು ಚಳಿಗಾಲ ಕಳೆದು 1950ರಲ್ಲಿ ಗೆದ್ದ ಸ್ಕೀಯಲ್ಲಿ ಅಲ್ಯುಮಿನಿಯಂ ಹಾಳೆಗಳ ನಡುವೆ ಇದ್ದದ್ದು ಏನೆಂದರೆ, ಪದರ ಮರ. ಮರವನ್ನು ಬಿಟ್ಟು ಹೊರಟವನು ಮರವನ್ನೇ ಒಳಗಿಟ್ಟುಕೊಂಡು ಬಂದ. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಗೆಲುವಲ್ಲ, ಮುರಿದ ರಾಶಿ ಮಾರಾಟಕ್ಕಿಂತ ಮೊದಲಿತ್ತು ಎಂಬುದು.

ಹಾಗಾದರೆ ಸಣ್ಣವರಿಂದ ಏನು ಲಾಭ ಎಂದು ಕೇಳಬಹುದು. ಲಾಭವಿದೆ, ಆದರೆ ಅದು ಗಟ್ಟಿತನದಲ್ಲಲ್ಲ, ಆಕಾರದಲ್ಲಿ. ಈ ಮಾತು ಹೇಳಲು ಪಸಡೀನಾದ ಒಬ್ಬ ಹುಡುಗನ ಕಡೆಗೆ ಹೋಗಬೇಕು.

ಬಾಬ್ ಸಿಮನ್ಸ್ ಹುಟ್ಟಿದ್ದು 1919ರಲ್ಲಿ. ನಮ್ಮ ಊರಿನ ಕ್ಯಾಲ್‌ಟೆಕ್‌ನಲ್ಲಿ ಓದಿದ, ಡಗ್ಲಸ್ ವಿಮಾನ ಕಂಪನಿಯಲ್ಲಿ ದುಡಿದ, ಅಪಘಾತದಲ್ಲಿ ಒಂದು ಮೊಣಕೈ ಮಡಿಸಲಾಗದಂತೆ ಗಟ್ಟಿಯಾಗಿತ್ತು. ಸರ್ಫಿಂಗ್ ಹಿಡಿದ ಮೇಲೆ ಅವನಿಗೆ ಆ ಕಾಲದ ಹಲಗೆಗಳು ಹಿಡಿಸಲಿಲ್ಲ. ಅವು ರೆಡ್‌ವುಡ್ ಮತ್ತು ಬಾಲ್ಸಾ ಮರದ ಭಾರದ ಸಾಮಾನು, ಮಾಡುವವರು ಹಿಂದಿನದನ್ನು ನೋಡಿ ಮಾಡುತ್ತಿದ್ದರು. ಸಿಮನ್ಸ್ ವೇಗದ ದೋಣಿಗಳ ತಳ ನೀರಿನ ಮೇಲೆ ಹೇಗೆ ಏಳುತ್ತದೆ ಎಂಬ ಎಂಜಿನಿಯರಿಂಗ್ ಪುಸ್ತಕ ಓದಿ ಅಲ್ಲಿನ ಲೆಕ್ಕವನ್ನು ಹಲಗೆಗೆ ತಂದ. ಯುದ್ಧ ಮುಗಿದ ಮೇಲೆ ಸಿಕ್ಕ ಗಾಜಿನ ನಾರು ಮತ್ತು ರಾಳವನ್ನು ಹಲಗೆಗೆ ಬಳಸಿದ ಮೊದಲಿಗರಲ್ಲಿ ಅವನೊಬ್ಬ. ಹಗುರವಾಗಲೆಂದು ಪಾಲಿಸ್ಟೈರೀನ್ ನೊರೆಯ ತಿರುಳು ಹಾಕಿ ನೋಡಿದ. ಆದರೆ ಆ ಕಾಲದ ಪಾಲಿಯೆಸ್ಟರ್ ರಾಳ ತಾಗಿದರೆ ಆ ನೊರೆ ಸಕ್ಕರೆಯಂತೆ ಕರಗಿಹೋಗುತ್ತದೆ. ಅದಕ್ಕೆ ನೊರೆಯ ಮೇಲೂ ಕೆಳಗೂ ತೆಳು ಪ್ಲೈವುಡ್, ಅಂಚಿಗೆ ಬಾಲ್ಸಾ ಕಟ್ಟಿ, ಆಮೇಲೆ ಗಾಜಿನ ನಾರು ಹೊದಿಸಿದ. ತಿರುಳು, ಮರ, ನಾರು, ಅಂಚು: ಹೆಡ್ ಬಾಲ್ಟಿಮೋರಿನಲ್ಲಿ ತಿಣುಕುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ವಿಮಾನದ ವಿದ್ಯೆಯಿಂದ, ಇನ್ನೊಂದು ಸಮುದ್ರದ ದಡದಲ್ಲಿ ಒಬ್ಬ ಹೆಚ್ಚುಕಡಿಮೆ ಅದೇ ಹೋಳಿಗೆ ಮಾಡುತ್ತಿದ್ದ. ಇಬ್ಬರೂ ಭೇಟಿಯಾದ ಸಂಗತಿಯನ್ನು ನಾನೆಲ್ಲೂ ಓದಿಲ್ಲ.

ಸಿಮನ್ಸ್ 1954ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯೇಗೋದ ಲಾ ಹೋಯಾ ಬಳಿಯ ವಿಂಡನ್‌ಸೀಯಲ್ಲಿ ಅಲೆಗಳ ನಡುವೆ ತೀರಿಕೊಂಡ, ಮೂವತ್ತೈದು ವರ್ಷ. 2014ರಲ್ಲಿ ಅದೇ ಊರಿನ ಮಿಂಗೇ ವಸ್ತುಸಂಗ್ರಹಾಲಯ ಸರ್ಫ್ ಹಲಗೆಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು, ಅವನ ವಿನ್ಯಾಸಕ್ಕೆ ಅಲ್ಲಿ ಮುಖ್ಯ ಸ್ಥಾನವಿತ್ತು. 'ಮಿಂಗೇ' ಎಂಬುದು ಜಪಾನಿನ ಯಾನಾಗಿ ಸೊಯೆತ್ಸು 1920ರ ದಶಕದಲ್ಲಿ ತನ್ನ ಗೆಳೆಯರೊಡನೆ ಟಂಕಿಸಿದ ಪದ, ಜನರ ಕಲೆ ಎಂದು ಅರ್ಥ. ಹೆಸರು ಬಯಸದ ಕುಶಲಕರ್ಮಿ ದಿನಬಳಕೆಗಾಗಿ ಮಾಡಿದ ವಸ್ತುವಿನಲ್ಲೇ ನಿಜವಾದ ಚೆಲುವಿದೆ ಎಂಬುದು ಯಾನಾಗಿಯ ವಾದ. ವಾದ ಸುಂದರ, ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಕಾರ್ಕಳದ ಆಚಾರಿ ಅಡ್ಡ ಬರುತ್ತಾರೆ. ಅವರು ಅನಾಮಿಕರಾಗಿ ಉಳಿದದ್ದು ವಿನಯದಿಂದಲ್ಲ, ಯಾರೂ ಕೇಳಲಿಲ್ಲ ಎಂಬುದರಿಂದ. ಮತ್ತೆ ಸಿಮನ್ಸ್? ಅವನು ಅನಾಮಿಕನೇ ಅಲ್ಲ, ತನ್ನ ಲೆಕ್ಕದ ಮೇಲೆ ಅವನಿಗೆ ಹಟಮಾರಿಯಷ್ಟು ನಂಬಿಕೆಯಿತ್ತು. ಅವನ ಹಲಗೆಯ ಅಗಲ ತಲೆ, ಬೋಳು ಹಿಂಬದಿ ನನ್ನ ಕಣ್ಣಿಗೆ ಇವತ್ತಿಗೂ ಚೆಂದ ಕಾಣುವುದಿಲ್ಲ. ಆದರೆ ಅದು ನೀರಿನ ಮೇಲೆ ಓಡುತ್ತದೆ, ಅವನ ಉತ್ತರ ಅದೇ.

ಈ ನೀರಿನ ವಿದ್ಯೆ ಹಿಮಕ್ಕೆ ಬಂದದ್ದು ಬಹಳ ತಡವಾಗಿ. ಆಳದ ಹೊಸ ಹಿಮ ನೆಲದಂತಲ್ಲ, ನೀರಿನಂತೆ ವರ್ತಿಸುತ್ತದೆ ಎಂದು ಶೇನ್ ಮೆಕಾಂಕಿ ಎಂಬ ಸಾಹಸಿಗೆ ಹೊಳೆಯಿತು. ಅಲಾಸ್ಕಾದಲ್ಲಿ ನೀರಿನ ಸ್ಕೀಗಳಿಗೆ ಪಟ್ಟಿ ಕಟ್ಟಿ ಹಿಮದ ಮೇಲೆ ಇಳಿದು ನೋಡಿದ. ಅದರಿಂದ ವೊಲಾಂಟ್ ಕಂಪನಿ 2002ರಲ್ಲಿ ತಂದ ಸ್ಕೀಗೆ 'ಸ್ಪ್ಯಾಚುಲಾ', ಅಂದರೆ ನಮ್ಮ ಸಟ್ಟುಗ, ಎಂದು ಹೆಸರು. ಎಲ್ಲ ಸ್ಕೀಗಳೂ ನಡು ಎತ್ತಿ ತುದಿ ಊರಿ ನಿಂತರೆ ಇದು ನಡು ಊರಿ ತುದಿ ಎತ್ತಿತ್ತು. ಎಲ್ಲದರ ನಡು ಸಣ್ಣಗಿದ್ದರೆ ಇದರದು ದಪ್ಪ. ಜನ ನಕ್ಕರು. ಆದರೆ ಆ ಆಕಾರದ ಬೆನ್ನು ಹತ್ತಿ ಅಚ್ಚು ಕೊರೆದು, ತಿದ್ದಿ, ಹದಕ್ಕೆ ತಂದವರಲ್ಲಿ ಸಣ್ಣ ಕಾರ್ಯಾಗಾರದವರು ಮುಂದಿದ್ದರು. ಅವರಿಗೆ ಒಂದು ಹೊಸ ಅಚ್ಚು ಎಂದರೆ ಕೆಲವು ದಿನಗಳ ಕೆಲಸ. ಇಂದು ಯಾವ ಅಂಗಡಿಗೆ ಹೋದರೂ ತುದಿ ಎತ್ತಿದ ಸ್ಕೀ ಸಿಗುತ್ತದೆ, ದೊಡ್ಡವರೂ ಮಾಡುತ್ತಾರೆ. ಸಣ್ಣವರ ಋಣ ಇರುವುದು ಇಲ್ಲಿ. ವಾಲ್‌ನಟ್ ಹೊದಿಕೆಯಲ್ಲಿ ಅಲ್ಲ.

ವಾಲ್‌ನಟ್ ಹೊದಿಕೆಯ ಮಾತು ಸುಮ್ಮನೆ ಬರಲಿಲ್ಲ. ಅಂಥದ್ದೊಂದು ಜೋಡಿ ನನ್ನ ಬಳಿ ಇತ್ತು. ಮಾಡಿದವನ ಹೆಸರು ಬೇಡ. ಇಷ್ಟೆಲ್ಲ ತಿಳಿದ ನಾನು ಅದನ್ನು ಕೊಂಡದ್ದು ಯಾಕೆ ಎಂದರೆ, ಚೆಂದ ಇತ್ತು. ಮರದ ಎಳೆ ತುದಿಯಿಂದ ತುದಿಗೆ ಹೊಳೆಯ ಹಾಗೆ ಹರಿದಿತ್ತು. ಬಾಲವೆಂದು ಕರೆಯುವ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವನ ರುಜು, ಅದರ ಮೇಲೆ ರಾಳದ ಪೊರೆ. ಹೆಂಡತಿ ಅದನ್ನು ಗೋಡೆಗೆ ಒರಗಿಸಿಟ್ಟು, "ವೀಣೆಯ ಹಾಗಿದೆ, ಇದನ್ನು ಕಾಲಿಗೆ ಕಟ್ಟುತ್ತೀರಾ?" ಎಂದಿದ್ದಳು.

ಮೊದಲ ಚಳಿಗಾಲ ಅಂಥ ಸ್ಕೀ ನಾನು ಹತ್ತಿರಲೇ ಇಲ್ಲ. ಬಗ್ಗುವಲ್ಲಿ ಬಗ್ಗುತ್ತಿತ್ತು, ಎಲ್ಲಿ ಹೇಳಿದೆನೋ ಅಲ್ಲಿ ಹಿಡಿಯುತ್ತಿತ್ತು. ಎರಡನೆಯ ಚಳಿಗಾಲದ ಫೆಬ್ರವರಿಯಲ್ಲಿ, ನಮ್ಮಲ್ಲಿಂದ ಐದು ತಾಸು ದೂರದ ಮ್ಯಾಮತ್ ಪರ್ವತದಲ್ಲಿ, ಗಟ್ಟಿ ಹಿಮದ ಇಳಿಜಾರಿನ ನಡುವೆ ಎಡಗಾಲಿನ ಬಾಲ ಒಮ್ಮೆಲೇ ಸಡಿಲಾಯಿತು. ಉಕ್ಕಿನ ಅಂಚು ತಳದ ಸಮೇತ ಒಂದು ಗೇಣು ಬಿಚ್ಚಿಕೊಂಡಿತ್ತು. ಬಿದ್ದೆ. ಜಾರುತ್ತ ಹೋಗಿ ನಿಂತ ಜಾಗದಿಂದ ಕೆಳಗೆ ಬಂಡೆಗಳು ಎಷ್ಟು ದೂರವಿದ್ದವು ಎಂಬುದನ್ನು ಮನೆಯಲ್ಲಿ ಹೇಳಲಿಲ್ಲ. ಈ ಲೇಖನ ಅಚ್ಚಾದ ಮೇಲೆ ಗೊತ್ತಾಗುತ್ತದೆ. ಭುಜದ ಮೂಳೆ ಸಣ್ಣಗೆ ಬಿರಿದಿತ್ತು, ಆರು ವಾರ ಕೈ ಕಟ್ಟಿಕೊಂಡು ಓಡಾಡಿದೆ.

ಕೈ ಬಿಚ್ಚಿದ ಮೇಲೆ ಮೊದಲು ಮಾಡಿದ ಕೆಲಸ, ಗ್ಯಾರೇಜಿನಲ್ಲಿ ಗರಗಸ ಹಿಡಿದು ಆ ಬಾಲವನ್ನು ಅಡ್ಡಕ್ಕೆ ಕೊಯ್ದದ್ದು. ಕೊಯ್ದ ಮುಖವನ್ನು ಮರಳುಕಾಗದದಿಂದ ಉಜ್ಜಿ, ಕೆಲಸದಲ್ಲಿ ನೋಡುವಂತೆ ದೊಡ್ಡ ಗಾಜಿನಡಿ ನೋಡಿದೆ. ಮರದ ತಿರುಳು ನಿಜಕ್ಕೂ ಸೊಗಸು: ಆ್ಯಶ್ ಮತ್ತು ಪಾಪ್ಲರ್, ಎಳೆ ನೇರ, ಒಂದು ಗಂಟಿಲ್ಲ. ಮೇಲಿನ ಹೊದಿಕೆಯ ಅಂಟು ತುಂಬು, ಒಂದು ಗುಳ್ಳೆಯಿಲ್ಲ. ಕೆಳಗೆ ಬಂದಂತೆ ಕಥೆ ಬೇರೆ. ಉಕ್ಕಿನ ಮೇಲಿನ ರಬ್ಬರಿನ ಪಟ್ಟಿ ಬಾಲಕ್ಕೆ ಮೂರು ಬೆರಳು ಇರುವಾಗಲೇ ಮುಗಿದಿತ್ತು. ಅಲ್ಲಿಂದಾಚೆ ಗಾಜಿನ ನಾರು ಒಣಗಿ ಬೆಳ್ಳಗಿತ್ತು, ಅಂಟು ಸಾಲದ ಗುರುತು. ತಳ ಬಿಟ್ಟುಬಂದ ಮೈ ನುಣುಪಾಗಿತ್ತು. ಒಬ್ಬನೇ ಮನುಷ್ಯ, ಒಂದೇ ದಿನ, ಮೇಲಿನ ಪದರಕ್ಕೆ ಕೊಟ್ಟ ಗಮನವನ್ನು ಕೆಳಗಿನದಕ್ಕೆ ಕೊಟ್ಟಿರಲಿಲ್ಲ. ಗ್ಯಾಂಬಲ್ ಮನೆಯ ಕರಿಗೂಟದ ಹಿಂದೆ ಸೀಳು ಕೊರೆದವರು ನೆನಪಾದರು. ಸಿಟ್ಟು ಆಗ ಬಂತು, ಬಿದ್ದಾಗಲೂ ಬಂದಿರಲಿಲ್ಲ.

ಚಿತ್ರಗಳ ಸಮೇತ ಅವನಿಗೆ ಬರೆದೆ. ಉದ್ದನೆಯ ಪತ್ರ, ಸ್ವಲ್ಪ ಒರಟಾಗಿಯೇ. ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಅವನೇ ಫೋನು ಮಾಡಿದ. ವಾದ ಮಾಡಲಿಲ್ಲ. ಆ ವಾರ ಒತ್ತುಯಂತ್ರದ ಪೈಪು ಒಂದು ತುದಿಯಲ್ಲಿ ಗಾಳಿ ಬಿಡುತ್ತಿತ್ತು, ಬಾಲದ ಕಡೆ ಒತ್ತಡ ಕಡಿಮೆಯಾದದ್ದು ತನಗೆ ಕಂಡಿತ್ತು, ಪರವಾಗಿಲ್ಲ ಎಂದುಕೊಂಡೆ ಎಂದ. ರಬ್ಬರು ಪಟ್ಟಿಯ ಬಗ್ಗೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುರುಳಿ ಮುಗಿದಿತ್ತು" ಎಂದ. ಆ ಪೈಪಿನಲ್ಲಿ ಒತ್ತಿದ ಒಟ್ಟು ಆರು ಜೋಡಿಗಳಿದ್ದವು, ಐವರಿಗೆ ಹಿಂದಿನ ದಿನವೇ ಫೋನು ಮಾಡಿ ಸ್ಕೀ ಬಳಸಬೇಡಿ ಎಂದಿದ್ದೇನೆ ಎಂದ. ಕೊಯ್ದ ತುಂಡುಗಳನ್ನು ಕಳಿಸುತ್ತೀರಾ ಎಂದು ಕೇಳಿದ.

ಕಳಿಸಿದೆ. ರುಜು ಇರುವ ವ್ಯಾಪಾರಕ್ಕೆ ಈ ಒಂದು ಗುಣವಿದೆ, ಸಿಟ್ಟನ್ನು ಯಾವ ವಿಳಾಸಕ್ಕೆ ಕಳಿಸಬೇಕೆಂದು ಗೊತ್ತಿರುತ್ತದೆ. ದೊಡ್ಡ ಕಂಪನಿಯಾಗಿದ್ದರೆ ನನಗೆ ಹೊಸ ಜೋಡಿ ಎರಡು ವಾರದಲ್ಲೇ ಬರುತ್ತಿತ್ತೋ ಏನೋ, ಆದರೆ ಸುರುಳಿ ಮುಗಿದಿತ್ತು ಎಂದು ಹೇಳುವ ಮನುಷ್ಯ ಸಿಗುತ್ತಿರಲಿಲ್ಲ. ಹಾಗೆಂದು ಅವನನ್ನು ಕ್ಷಮಿಸಿದ್ದೇನೆ ಎಂದೂ ಅಲ್ಲ. ಪರವಾಗಿಲ್ಲ ಎಂದುಕೊಂಡ ಆ ಒಂದು ಕ್ಷಣದ ಮೇಲೆ ನಾನು ಇಳಿಜಾರಿನಲ್ಲಿ ನಿಂತಿದ್ದೆ. ಆಚಾರಿಯ ಹಲಗೆ ಸರಿಯಿಲ್ಲದಿದ್ದರೆ ಓಡಿಸುವವ ಬೀಳುತ್ತಿದ್ದುದು ಮೆತ್ತನೆಯ ಕೆಸರಿಗೆ, ಅದೂ ಊರೆಲ್ಲ ನೋಡುತ್ತಿರುವಾಗ.

ಹೊಸ ಜೋಡಿ ನವೆಂಬರಿನಲ್ಲಿ ಬಂತು. ವಾಲ್‌ನಟ್ ಹೊದಿಕೆಯಿಲ್ಲ, ಬರಿಯ ಕಪ್ಪು ಪ್ಲಾಸ್ಟಿಕ್ ಹಾಳೆ. ಬಾಲದಲ್ಲಿ ಅಂಚಿನ ಮೇಲೆ ಪಾರದರ್ಶಕ ಪಟ್ಟಿ ಬಿಟ್ಟಿದ್ದಾನೆ. ಅದರೊಳಗೆ ರಬ್ಬರಿನ ಪಟ್ಟಿ ಕೊನೆಯವರೆಗೂ ಹೋಗಿರುವುದು ಬೆಳಕಿಗೆ ಹಿಡಿದರೆ ಕಾಣುತ್ತದೆ. ತೂಕ ಹಳೆಯದಕ್ಕಿಂತ ಸ್ವಲ್ಪ ಹೆಚ್ಚು, ತಿರುಗುವುದು ಒಂದು ಕೂದಲು ನಿಧಾನ. ಹೆಂಡತಿಗೆ ಇದು ವೀಣೆಯ ಹಾಗೆ ಕಾಣುವುದಿಲ್ಲವಂತೆ.

ಈ ಚಳಿಗಾಲ ಹನ್ನೊಂದು ದಿನ ಅದರ ಮೇಲೆ ಜಾರಿದ್ದೇನೆ. ಪ್ರತಿಸಲ ಮನೆಗೆ ಬಂದು, ಗ್ಯಾರೇಜಿನ ದೀಪದಡಿ ಬಾಲವನ್ನು ಒರೆಸಿ, ಅಂಚಿನ ಮೇಲೆ ಹೆಬ್ಬೆರಳು ಬಲವಾಗಿ ಒತ್ತಿ ನೋಡುತ್ತೇನೆ, ಪದರಗಳ ನಡುವಿನಿಂದ ನೀರು ಜಿನುಗುತ್ತದೆಯೇ ಎಂದು. ಈವರೆಗೆ ಇಲ್ಲ.